ರೂಟ್ ಮಾಡುವ ಮುಂಚೆ ಒಂದು ಪೆನ್‌ಡ್ರೈವ್ ತನ್ನಿ

‘ಒಳಗಿಂದು ಏನೂ ಹೋಗದಂಗೆ ಫೋನ್ ರೂಟ್ ಮಾಡೋದು ಹೆಂಗೆ?’

ಸುದ್ದಿ ಬರೆಯುವವರಿಗೆ ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ನಿಮಗೆ ಅನ್ನಿಸಬಹುದು. ಹಳ್ಳಿ ಕಡೆ ವರದಿಗಾರ ಅಂದರೆ ಪಹಣಿ ತಿದ್ದುಪಡಿಗೂ ಅವನನ್ನೇ ಕೇಳುತ್ತಾರೆ, ರೇಷನ್ ಕಾರ್ಡಿಗೂ ಅವನನ್ನೇ ಕೇಳುತ್ತಾರೆ, ಫೋನ್ ಹ್ಯಾಂಗ್ ಆದರೂ ಅವನ ಕೈಗೇ ಕೊಡುತ್ತಾರೆ. ನಾವು ಎರಡು ಮೂರು ತಾಲೂಕು ಸುತ್ತಿ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರರು. ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ಸಂಭಾವನೆ. ನಮ್ಮ ಕ್ಯಾಮೆರಾ, ರೆಕಾರ್ಡರ್, ನೋಟ್‌ಬುಕ್, ಆಫೀಸು ಎಲ್ಲವೂ ಒಂದೇ ಫೋನು. ಅದರ ಹೊಟ್ಟೆಯೊಳಗೆ ಏನಿದೆ, ಎಲ್ಲಿದೆ ಅಂತ ತಿಳಿದುಕೊಳ್ಳದೆ ನಮಗೆ ವಿಧಿಯಿಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಇವತ್ತು ನಿಮ್ಮ ಕೈಯಲ್ಲಿರುವಂಥ ಬಹುತೇಕ ಫೋನುಗಳಲ್ಲಿ ಒಳಗಿನದು ಅಳಿಯದೆ ರೂಟ್ ಆಗುವುದಿಲ್ಲ. ಮೊದಲು ಎಲ್ಲದರ ನಕಲು ತೆಗೆದಿಟ್ಟುಕೊಳ್ಳಬೇಕು, ಆಮೇಲೆ ಫೋನು ಖಾಲಿಯಾಗುತ್ತದೆ, ರೂಟ್ ಆದ ಮೇಲೆ ನಕಲನ್ನು ಮತ್ತೆ ತುಂಬಬೇಕು. ‘ಏನೂ ಹೋಗಲ್ಲ’ ಅನ್ನುವ ಮಾತಿನ ನಿಜವಾದ ಅರ್ಥ ‘ಹೋಗುತ್ತದೆ, ಆದರೆ ನಕಲು ನಿಮ್ಮ ಹತ್ತಿರ ಇರುತ್ತದೆ’ ಅಂತ. ಆ ನಕಲು ಇಲ್ಲದಿದ್ದರೆ ಹೋದದ್ದು ಹೋಯಿತು.

ಹಾಗಾದರೆ ಯೂಟ್ಯೂಬಿನಲ್ಲಿ ‘ಡೇಟಾ ಹೋಗದಂತೆ ಒಂದೇ ನಿಮಿಷದಲ್ಲಿ ರೂಟ್’ ಅಂತ ಹೇಳುವವರೆಲ್ಲ ಸುಳ್ಳು ಹೇಳುತ್ತಾರಾ? ಪೂರ್ತಿ ಸುಳ್ಳಲ್ಲ. ಅದು ಒಂದು ಕಾಲಕ್ಕೆ ನಿಜವಾಗಿತ್ತು. ಆ ಕಾಲ ಯಾವುದು, ಯಾಕೆ ಮುಗಿಯಿತು ಅಂತ ತಿಳಿದರೆ ಯಾರೂ ನಿಮಗೆ ಟೋಪಿ ಹಾಕಲಾರರು.

ಮೊದಲು ರೂಟ್ ಅಂದರೇನು ನೋಡೋಣ. ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಲಿನಕ್ಸ್ ಇದೆ. ಅದರಲ್ಲಿ ಪ್ರತಿಯೊಂದು ಆ್ಯಪ್ಪೂ ವಠಾರದ ಒಂದೊಂದು ಮನೆಯಲ್ಲಿ ಬಾಡಿಗೆಗಿದ್ದಂತೆ. ವಾಟ್ಸಾಪ್ ತನ್ನ ಮನೆಯಲ್ಲಿ, ಬ್ಯಾಂಕ್ ಆ್ಯಪ್ ತನ್ನ ಮನೆಯಲ್ಲಿ. ಒಬ್ಬರ ಕೀಲಿ ಇನ್ನೊಬ್ಬರ ಬಾಗಿಲಿಗೆ ಹೊಂದುವುದಿಲ್ಲ. ಎಲ್ಲ ಬಾಗಿಲನ್ನೂ ತೆಗೆಯುವ ಮಾಲೀಕನ ಕೀಲಿಗೊಂಚಲಿಗೆ ರೂಟ್ ಅಂತ ಹೆಸರು. ಫೋನಿಗೆ ದುಡ್ಡು ಕೊಟ್ಟವರು ನಾವಾದರೂ ಕಂಪನಿ ಆ ಗೊಂಚಲನ್ನು ನಮ್ಮ ಕೈಗೆ ಕೊಟ್ಟಿರುವುದಿಲ್ಲ. ಅದನ್ನು ಪಡೆದುಕೊಳ್ಳುವುದೇ ರೂಟ್ ಮಾಡುವುದು.

ಇದರ ಕತೆ ಆಂಡ್ರಾಯ್ಡಿನಷ್ಟೇ ಹಳೆಯದು. ಮೊದಲ ಆಂಡ್ರಾಯ್ಡ್ ಫೋನು, ಎಚ್‌ಟಿಸಿ ಕಂಪನಿಯ ಜಿ1, ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2008ರಲ್ಲಿ. ಬಂದ ಕೆಲವೇ ವಾರಗಳಲ್ಲಿ ಒಂದು ತಮಾಷೆಯ ಲೋಪ ಹೊರಬಿತ್ತು. ಫೋನಿನ ಕೀಲಿಮಣೆಯಲ್ಲಿ ಒತ್ತಿದ ಅಕ್ಷರಗಳೆಲ್ಲ ಒಳಗೊಳಗೇ ರೂಟ್ ಆಜ್ಞೆಗಳಾಗಿಯೂ ಓಡುತ್ತಿದ್ದವು. ಯಾರಿಗೋ ಮೆಸೇಜ್ ಬರೆಯುತ್ತ ‘ರೀಬೂಟ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಫೋನು ನಿಜವಾಗಿಯೂ ಆರಿ ಹೊತ್ತಿಕೊಳ್ಳುತ್ತಿತ್ತು. ಗೂಗಲ್ ಅದನ್ನು ಬೇಗನೆ ಮುಚ್ಚಿತು. ಆದರೆ ಅಷ್ಟರಲ್ಲಿ ಮಾಲೀಕನ ಕೀಲಿ ಸಿಗುತ್ತದೆ ಅನ್ನುವುದು ಜನಕ್ಕೆ ಗೊತ್ತಾಗಿತ್ತು.

ಕನ್ನಡದವರಾದ ನಮಗೆ ರೂಟ್ ಬೇಕಾಗಿದ್ದಕ್ಕೆ ಬೇರೆಯೇ ಕಾರಣ ಇತ್ತು. ಆಗ ಬರುತ್ತಿದ್ದ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಕಾಣುತ್ತಿರಲಿಲ್ಲ. ಕನ್ನಡ ಪತ್ರಿಕೆಯ ಪುಟ ತೆರೆದರೆ ಸಾಲುಸಾಲು ಖಾಲಿ ಡಬ್ಬಿಗಳು. ಒಪೆರಾ ಮಿನಿ ಬ್ರೌಸರಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿ, ಅಕ್ಷರಗಳನ್ನು ಚಿತ್ರಗಳಾಗಿ ತರಿಸಿಕೊಂಡು ಓದುತ್ತಿದ್ದೆವು. ಜರ್ನಲಿಸಂ ಡಿಪ್ಲೊಮಾ ಮಾಡುವಾಗ ನಮ್ಮ ರೂಮಿನ ಗೆಳೆಯನೊಬ್ಬ ಫೋನ್ ರೂಟ್ ಮಾಡಿ ಸಿಸ್ಟಮ್ ಫೋಲ್ಡರಿನೊಳಗೆ ಕನ್ನಡ ಫಾಂಟ್ ಕೂರಿಸಿದ. ಡಬ್ಬಿಗಳು ಹೋಗಿ ಅಕ್ಷರ ಬಂದವು, ಆದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಆದರೂ ರೂಮಿನವರೆಲ್ಲ ಸರದಿ ಪ್ರಕಾರ ಆ ಫೋನು ಹಿಡಿದು ನೋಡಿದೆವು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಗೂಗಲ್ ಕನ್ನಡ, ತೆಲುಗು, ಮಲಯಾಳಂ ಮೂರನ್ನೂ ಸೇರಿಸಿತು. ಅಲ್ಲಿಂದಾಚೆ ಕನ್ನಡಕ್ಕಾಗಿ ರೂಟ್ ಮಾಡುವ ಅಗತ್ಯ ನಿಧಾನಕ್ಕೆ ಹೋಯಿತು.

ಆ ಕಾಲದ ರೂಟಿನಲ್ಲಿ ಡೇಟಾ ಹೋಗುತ್ತಿರಲಿಲ್ಲ, ಯಾಕೆಂದರೆ ಅದು ಹಿತ್ತಲ ಬೇಲಿಯ ಕಂಡಿಯಲ್ಲಿ ನುಸುಳಿದಂತೆ. ಲಿನಕ್ಸಿನಲ್ಲಿ ಎಲ್ಲಾದರೂ ಒಂದು ದೋಷ ಸಿಕ್ಕರೆ, ಅದರ ಮೂಲಕ ಒಳಗೆ ಹೋಗಿ ಕೀಲಿಗೊಂಚಲು ಎತ್ತಿಕೊಂಡು ಬರುವುದು. 2014ರಲ್ಲಿ ಜಾರ್ಜ್ ಹಾಟ್ಜ್ ಎಂಬ ಅಮೆರಿಕದ ಹುಡುಗ ಟವೆಲ್‌ರೂಟ್ ಅಂತ ಒಂದು ಆ್ಯಪ್ ಬಿಟ್ಟ. ಒಂದೇ ಗುಂಡಿ, ಒತ್ತಿದರೆ ರೂಟ್. ಫೋನಿನಲ್ಲಿದ್ದದ್ದು ಇದ್ದ ಹಾಗೇ ಇರುತ್ತಿತ್ತು. ‘ಡೇಟಾ ಹೋಗದಂತೆ ರೂಟ್’ ಅನ್ನುವ ಮಾತು ಹುಟ್ಟಿದ್ದು ಇಂಥ ಆ್ಯಪ್‌ಗಳಿಂದ.

ಆಮೇಲೆ ಎರಡು ಬದಲಾವಣೆ ಆದವು. 2015ರಿಂದ ಗೂಗಲ್ ತಿಂಗಳಿಗೊಮ್ಮೆ ಭದ್ರತೆಯ ಅಪ್‌ಡೇಟ್ ಕೊಡಲು ಶುರು ಮಾಡಿತು, ಅಂದರೆ ಬೇಲಿಯ ಕಂಡಿಗಳು ಒಂದೊಂದಾಗಿ ಮುಚ್ಚಿದವು. ಎರಡನೆಯದಾಗಿ, ಫೋನಿನೊಳಗಿನ ಡೇಟಾವನ್ನೇ ಗುಪ್ತಲಿಪಿಯಲ್ಲಿ ಇಡುವ ಪದ್ಧತಿ ಬಂತು. ಆಂಡ್ರಾಯ್ಡ್ 10ರೊಂದಿಗೆ ಬಂದ ಹೊಸ ಫೋನುಗಳಿಗೆ ಅದು ಕಡ್ಡಾಯವಾಯಿತು. ಈಗ ರೂಟ್ ಮಾಡಬೇಕಾದರೆ ಮುಂಬಾಗಿಲಿನಿಂದಲೇ ಹೋಗಬೇಕು. ಆ ಮುಂಬಾಗಿಲಿನ ಕಾವಲುಗಾರನಿಗೆ ಬೂಟ್‌ಲೋಡರ್ ಅಂತ ಹೆಸರು. ಫೋನ್ ಆನ್ ಆದಾಗ ‘ಇದು ಕಂಪನಿಯ ಸಾಫ್ಟ್‌ವೇರ್ ಹೌದೋ ಅಲ್ಲವೋ’ ಅಂತ ನೋಡಿ ಒಳಗೆ ಬಿಡುವವನು ಅವನು. ಅವನಿಗೆ ‘ನೀನು ನೋಡಬೇಡ, ಬಿಡು’ ಅಂತ ಹೇಳುವುದೇ ಬೂಟ್‌ಲೋಡರ್ ಅನ್‌ಲಾಕ್. ಹಾಗೆ ಹೇಳಿದ ಕ್ಷಣವೇ ಅವನು ಒಳಗಿನ ಎಲ್ಲವನ್ನೂ ಅಳಿಸುತ್ತಾನೆ.

ಇದು ಲೋಪ ಅಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. ಸಂತೆಯಲ್ಲಿ ನಿಮ್ಮ ಫೋನು ಕಳುವಾಯಿತು ಅಂತಿಟ್ಟುಕೊಳ್ಳಿ. ಕದ್ದವನು ಬೂಟ್‌ಲೋಡರ್ ತೆಗೆದು, ತನ್ನ ಸಾಫ್ಟ್‌ವೇರ್ ಹಾಕಿ, ನಿಮ್ಮ ಮನೆಯ ಫೋಟೋ, ಬ್ಯಾಂಕಿನ ಮೆಸೇಜು ಎಲ್ಲ ನೋಡುವಂತಾದರೆ? ಅದಾಗಬಾರದು ಅಂತಲೇ ಬಾಗಿಲು ತೆಗೆದರೆ ಮನೆ ಖಾಲಿ ಅನ್ನುವ ಕಟ್ಟಳೆ. ಕಳ್ಳನಿಗೂ ಮಾಲೀಕನಿಗೂ ಒಂದೇ ಕಟ್ಟಳೆ, ಯಾಕೆಂದರೆ ಕಾವಲುಗಾರನಿಗೆ ಮುಖ ಗುರುತು ಹಿಡಿಯಲು ಬರುವುದಿಲ್ಲ.

ಇದನ್ನು ತಿಳಿಯದೆ ಫೋನು ಕೊಟ್ಟರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇವೆ. ಪಕ್ಕದ ತಾಲೂಕಿನ ನಮ್ಮ ವರದಿಗಾರ ಮಿತ್ರರೊಬ್ಬರು ಫೋನ್ ಸ್ಲೋ ಆಗಿದೆ ಅಂತ ಒಂದು ಮೊಬೈಲ್ ಅಂಗಡಿಗೆ ಕೊಟ್ಟರು. ‘ರೂಟ್ ಮಾಡಿದರೆ ಹೊಸದರಂಗೆ ಓಡತೈತಿ, ಏನೂ ಹೋಗಲ್ಲ ಸರ್’ ಅಂತ ಅಂಗಡಿಯವರು ಹೇಳಿದ್ದರಂತೆ. ಸಂಜೆ ಫೋನು ವಾಪಸ್ ಬಂತು, ಹೊಸದರಂತೆಯೇ ಇತ್ತು. ಎರಡು ವರ್ಷದ ರೆಕಾರ್ಡಿಂಗ್, ವಿಡಿಯೊ ಒಂದೂ ಇರಲಿಲ್ಲ. ಅದರಲ್ಲಿ ಒಂದು ಊರಿನ ಹೆಣ್ಣುಮಕ್ಕಳು ಕುಡಿಯುವ ನೀರಿನ ಬಗ್ಗೆ ಮಾತಾಡಿದ್ದೂ ಇತ್ತು. ಸುದ್ದಿ ಆಗಲೇ ಪ್ರಕಟವಾಗಿತ್ತು. ಹದಿನೈದು ದಿನಕ್ಕೆ ‘ಅಂಥ ದೂರು ಯಾರೂ ಕೊಟ್ಟಿಲ್ಲ’ ಅಂತ ಸ್ಪಷ್ಟನೆ ಪತ್ರ ಬಂತು. ಡೆಸ್ಕಿನವರು ಕೇಳಿದ್ದು ಒಂದೇ ಪ್ರಶ್ನೆ: ರೆಕಾರ್ಡ್ ಇದೆಯಾ? ಇರಲಿಲ್ಲ. ಸ್ಪಷ್ಟನೆ ಅಚ್ಚಾಯಿತು. ಆ ಹೆಣ್ಣುಮಕ್ಕಳು ಮುಂದಿನ ಸಲ ಊರಿಗೆ ಹೋದಾಗ ಇವರ ಹತ್ತಿರ ಮಾತಾಡಲಿಲ್ಲ.

ಇನ್ನೊಂದು ಸಂಗತಿ ಗದಗ ಕಡೆಯದು. ದುಡಿಯಲು ಗೋವಾಕ್ಕೆ ಹೋಗಿ ಬಂದಿದ್ದ ಹುಡುಗ ಚಹಾದಂಗಡಿಯಲ್ಲಿ ಸಿಕ್ಕ.

‘ಅಣ್ಣಾರ, ಫೋನ್ ಫುಲ್ ಆಗೇತ್ರೀ. ರೂಟ್ ಮಾಡಿದ್ರ ಖಾಲಿ ಆಕ್ಕತಂತಲ್ರೀ? ಆದ್ರ ವಾಟ್ಸಾಪ್‌ನಾಗಿಂದು ಮಾತ್ರ ಏನೂ ಹೋಗಬಾರ್ದ್ರೀ.’

‘ವಾಟ್ಸಾಪ್‌ನಾಗ ಏನೈತಪಾ ಅಂಥಾದ್ದು?’

‘ನಮ್ಮಪ್ಪಾರ ಧ್ವನಿ ಐತ್ರೀ.’

ಅವರಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಮಗ ಗೋವಾದಲ್ಲಿದ್ದಷ್ಟು ದಿನ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಹಿಂದಿನ ವರ್ಷ ತೀರಿಕೊಂಡಿದ್ದರು. ಒಂದನ್ನು ಹಚ್ಚಿ ಕೇಳಿಸಿದ. ‘ಮಳಿ ಆಗೇತಿ. ಈ ಸಲ ಬಿತ್ತಾಕ ಬರ್ತಿಯೋ ಇಲ್ಲೋ, ಹೇಳು.’ ಅಷ್ಟೇ. ಹಿಂದೆ ಎತ್ತಿನ ಕೊರಳ ಗಂಟೆ ಕೇಳುತ್ತಿತ್ತು.

ಸೆಟ್ಟಿಂಗ್ಸಿಗೆ ಹೋಗಿ ಸ್ಟೋರೇಜ್ ತೆಗೆದು ನೋಡಿದೆವು. ಫೋನು 32 ಜಿಬಿಯದು. ಅದರಲ್ಲಿ ದೊಡ್ಡ ಪಾಲು ವಾಟ್ಸಾಪ್ ಗ್ರೂಪುಗಳಲ್ಲಿ ಬಂದ ವಿಡಿಯೊಗಳದ್ದು. ಶುಭೋದಯ, ಹಾಸ್ಯ, ಅದೇ ಕ್ರಿಕೆಟ್ ತುಣುಕು ಐದು ಗ್ರೂಪಿನಿಂದ ಐದು ಸಲ. ಅಪ್ಪನ ಧ್ವನಿ ಎಷ್ಟು ಜಾಗ ಹಿಡಿದಿತ್ತು ಅಂತ ನೋಡಿದರೆ ಎಲ್ಲ ಸೇರಿ 100 ಎಂಬಿ ಕೂಡ ಇರಲಿಲ್ಲ. ಉಳಿಸಬೇಕಾದ್ದು ಹಿಡಿಯಷ್ಟು, ತುಂಬಿದ್ದು ಕಸ. ಈ ಫೋನಿಗೆ ರೂಟ್ ಬೇಕಾಗಿಯೇ ಇರಲಿಲ್ಲ.

ವಾಯ್ಸ್ ಮೆಸೇಜ್ ಇರುವ ಜಾಗ ನಿಮಗೂ ಗೊತ್ತಿರಲಿ. ಫೈಲ್ಸ್ ಆ್ಯಪ್ ತೆಗೆದು ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಹೆಸರಿನ ಫೋಲ್ಡರ್, ಅದರೊಳಗೆ ಮತ್ತೆ ವಾಟ್ಸಾಪ್, ಮತ್ತೆ ಮೀಡಿಯಾ, ಕೊನೆಗೆ ‘ವಾಟ್ಸಾಪ್ ವಾಯ್ಸ್ ನೋಟ್ಸ್’. ಅಲ್ಲಿ ವಾರಕ್ಕೊಂದರಂತೆ ಫೋಲ್ಡರುಗಳಿರುತ್ತವೆ. ಫೈಲಿನ ಹೆಸರು ಪಿಟಿಟಿ ಅಂತ ಶುರುವಾಗಿ, ಮುಂದೆ ತಾರೀಖು ಇರುತ್ತದೆ. ಯಾರು ಕಳಿಸಿದ್ದು ಅಂತ ಹೆಸರಿರುವುದಿಲ್ಲ, ಎಲ್ಲರದ್ದೂ ಕಲೆತಿರುತ್ತದೆ. ಹಾಗಾಗಿ ಆರಿಸುತ್ತ ಕೂರದೆ ಇಡೀ ಫೋಲ್ಡರನ್ನೇ ನಕಲು ಮಾಡಬೇಕು. ಆ ಹುಡುಗನದ್ದೂ ಹಾಗೇ ಮಾಡಿದೆವು. ಒಂದು ಒಟಿಜಿ ಪೆನ್‌ಡ್ರೈವಿಗೆ, ಇನ್ನೊಂದು ನಕಲು ಅವನ ಅಕ್ಕನ ಫೋನಿಗೆ. ಆಮೇಲೆ ವಾಟ್ಸಾಪಿನ ‘ಮ್ಯಾನೇಜ್ ಸ್ಟೋರೇಜ್’ನಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳನ್ನು ಅವನೇ ಕೂತು ಅಳಿಸಿದ. ರೂಟಿನ ಮಾತು ಮತ್ತೆ ಎತ್ತಲಿಲ್ಲ.

ನೀವು ರೂಟ್ ಮಾಡಿ, ಬಿಡಿ, ಈ ಕೆಳಗಿನದನ್ನು ಮಾತ್ರ ಮಾಡಿಕೊಳ್ಳಿ. ಫೋನು ಬಾವಿಗೆ ಬಿದ್ದರೂ ಇದೇ ಕಾಯುವುದು.

ಒಂದು, ನಿಮ್ಮ ಫೋನಿನಲ್ಲಿರುವ ಜಿಮೇಲ್ ಯಾವುದು, ಅದರ ಪಾಸ್‌ವರ್ಡ್ ಏನು? ಹಳ್ಳಿ ಕಡೆ ಎಷ್ಟೋ ಜನಕ್ಕೆ ಅಕೌಂಟ್ ಮಾಡಿಕೊಟ್ಟಿರುವುದು ಫೋನ್ ಮಾರಿದ ಅಂಗಡಿಯವರು. ಫೋನು ಖಾಲಿಯಾದ ಮೇಲೆ ಅದೇ ಹಳೆಯ ಅಕೌಂಟ್ ಕೇಳಬಹುದು. ಗೊತ್ತಿಲ್ಲದಿದ್ದರೆ ನಿಮ್ಮ ಫೋನಿನ ಹೊರಗೆ ನೀವೇ ನಿಲ್ಲಬೇಕಾಗುತ್ತದೆ. ಈಗಲೇ ಪಾಸ್‌ವರ್ಡ್ ಬದಲಿಸಿ, ಒಂದು ಹಾಳೆಯಲ್ಲಿ ಬರೆದು, ಮನೆಯ ಪೆಟ್ಟಿಗೆಯಲ್ಲಿಡಿ.

ಎರಡು, ಕಾಂಟ್ಯಾಕ್ಟ್ ನಂಬರುಗಳು. ‘ಫೋನ್’ ಅಥವಾ ‘ಡಿವೈಸ್’ನಲ್ಲಿ ಸೇವ್ ಆಗಿದ್ದರೆ ಅಳಿಸಿಹೋಗುತ್ತವೆ, ಜಿಮೇಲ್ ಅಕೌಂಟಿನಲ್ಲಿದ್ದರೆ ತಿರುಗಿ ಬರುತ್ತವೆ. ಕಾಂಟ್ಯಾಕ್ಟ್ಸ್ ಆ್ಯಪಿನಲ್ಲಿ ಎಕ್ಸ್‌ಪೋರ್ಟ್ ಅಂತ ಇದೆ. ಒತ್ತಿದರೆ ಎಲ್ಲ ನಂಬರೂ ಒಂದೇ ಫೈಲಾಗಿ ಸಿಗುತ್ತವೆ.

ಮೂರು, ಫೋಟೋ, ವಿಡಿಯೊ, ರೆಕಾರ್ಡಿಂಗ್, ಡೌನ್‌ಲೋಡ್ ಫೋಲ್ಡರುಗಳು. ಪೆನ್‌ಡ್ರೈವ್ ಅಥವಾ ಕಂಪ್ಯೂಟರಿಗೆ ಹಾಕಿ. ಗೂಗಲ್ ಪುಕ್ಕಟೆ ಕೊಡುವ ಜಾಗ 15 ಜಿಬಿ. ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ, ಬೇಗ ತುಂಬುತ್ತದೆ. ಮೆಮೊರಿ ಕಾರ್ಡ್ ಇದ್ದರೆ ತೆಗೆದು ಪಕ್ಕಕ್ಕಿಡಿ. ಆದರೆ ಆ ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಅಂತ ಸೇರಿಸಿಕೊಂಡಿದ್ದರೆ ಅದರಲ್ಲಿರುವುದು ಬೇರೆ ಫೋನಿನಲ್ಲಿ ತೆರೆಯುವುದಿಲ್ಲ. ಅದರದ್ದೂ ನಕಲು ಬೇಕು.

ನಾಲ್ಕು, ವಾಟ್ಸಾಪ್ ಬ್ಯಾಕಪ್. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಕೈಯಾರೆ ಒಮ್ಮೆ ಬ್ಯಾಕಪ್ ಒತ್ತಿ. ಅದಕ್ಕೆ ಬೇರೆ ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನೂ ಹಾಳೆಯಲ್ಲಿ ಬರೆಯಿರಿ. ಅದು ಮರೆತರೆ ಬ್ಯಾಕಪ್ ತೆರೆದುಕೊಡಲು ಯಾರಿಂದಲೂ ಆಗುವುದಿಲ್ಲ.

ಐದು, ನೋಡಿ ಖಚಿತಪಡಿಸಿಕೊಳ್ಳುವುದು. ಪೆನ್‌ಡ್ರೈವನ್ನು ಬೇರೆ ಫೋನಿಗೆ ಹಾಕಿ ನಾಲ್ಕಾರು ಫೋಟೋ, ಒಂದೆರಡು ರೆಕಾರ್ಡಿಂಗ್ ತೆರೆದು ನೋಡಿ. ಹೊರಗೆ ಮೊಳಕೆ ಬರಿಸಿ ನೋಡದೆ ಬೀಜ ಬಿತ್ತುವವರುಂಟೇ?

ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳ ನಕಲು ತೆಗೆಯಲು ಹೋಗಬೇಡಿ. ಸಿಮ್ ನಿಮ್ಮ ಹತ್ತಿರ ಇದ್ದರೆ ಹೊಸದಾಗಿ ನೋಂದಾಯಿಸಿಕೊಳ್ಳಬಹುದು. ದುಡ್ಡು ಇರುವುದು ಬ್ಯಾಂಕಿನಲ್ಲಿ, ಫೋನಿನಲ್ಲಲ್ಲ.

ಇಷ್ಟಾದ ಮೇಲೂ ರೂಟ್ ಬೇಕು ಅನ್ನುವವರಿಗೆ ದಾರಿ ಹೀಗಿದೆ. ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಒಇಎಂ ಅನ್‌ಲಾಕಿಂಗ್’ ಇದೆಯೇ ನೋಡಿ. ಇಲ್ಲದಿದ್ದರೆ, ಅಥವಾ ಮಸುಕಾಗಿ ಒತ್ತಲು ಬಾರದಿದ್ದರೆ, ನಿಮ್ಮ ಫೋನಿಗೆ ಸದ್ಯಕ್ಕೆ ಈ ದಾರಿ ಇಲ್ಲ. ಅಲ್ಲಿಗೇ ಬಿಟ್ಟುಬಿಡಿ. ಇದ್ದರೆ, ಕಂಪ್ಯೂಟರಿಗೆ ಜೋಡಿಸಿ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಶಿಯೋಮಿಯಂಥ ಕೆಲವು ಕಂಪನಿಗಳು ಅದಕ್ಕೆ ಅರ್ಜಿ ಹಾಕಿ ಕಾಯಲು ಹೇಳುತ್ತವೆ. ಫೋನು ಖಾಲಿಯಾಗುವುದು ಈ ಹಂತದಲ್ಲೇ.

ಆಮೇಲಿನ ಕೆಲಸ ಮ್ಯಾಜಿಸ್ಕ್ ಎಂಬ ಆ್ಯಪಿನದು. ಜಾನ್ ವು ಎಂಬವರು 2016ರಲ್ಲಿ ಹೊರತಂದದ್ದು, ಪುಕ್ಕಟೆ. ನಿಮ್ಮ ಫೋನಿನ ಮಾದರಿ ಮತ್ತು ಬಿಲ್ಡ್ ನಂಬರಿಗೆ ಸರಿಯಾಗಿ ಹೊಂದುವ ಬೂಟ್ ಫೈಲನ್ನು ಅದರಿಂದ ತಿದ್ದಿಸಿ ಫೋನಿಗೆ ಹಾಕಬೇಕು. ಬಹುತೇಕ ಫೋನುಗಳಲ್ಲಿ ಈ ಹಂತದಲ್ಲಿ ಡೇಟಾ ಅಳಿಯುವುದಿಲ್ಲ. ಅಂದರೆ ಯಾರಾದರೂ ಆಗಲೇ ಬೂಟ್‌ಲೋಡರ್ ತೆಗೆದಿಟ್ಟ ಫೋನು ನಿಮ್ಮ ಹತ್ತಿರ ಇದ್ದರೆ, ಅದನ್ನು ಮಾತ್ರ ಇವತ್ತಿಗೂ ಸಾಮಾನ್ಯವಾಗಿ ಒಳಗಿನದು ಹೋಗದಂತೆ ರೂಟ್ ಮಾಡಬಹುದು. ಆದರೆ ಬೇರೆ ಮಾದರಿಯ ಬೂಟ್ ಫೈಲ್ ಹಾಕಿದರೆ ಫೋನು ಕಂಪನಿಯ ಹೆಸರು ತೋರಿಸುತ್ತ ಅಲ್ಲೇ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ. ಮ್ಯಾಜಿಸ್ಕನ್ನು ಅದರ ಗಿಟ್‌ಹಬ್ ಪುಟದಿಂದ ಮಾತ್ರ ಇಳಿಸಿಕೊಳ್ಳಿ, ಅದೇ ಹೆಸರಿನ ನಕಲಿ ಪುಟಗಳಿವೆ. ಟೆಲಿಗ್ರಾಮಿನಲ್ಲಿ ಯಾರೋ ಕಳಿಸಿದ ‘ಒಂದೇ ಗುಂಡಿ’ಯ ಆ್ಯಪಿಗೆ ಮಾಲೀಕನ ಕೀಲಿ ಕೊಟ್ಟರೆ, ಅದು ನಿಮ್ಮ ಬ್ಯಾಂಕಿನ ಮೆಸೇಜನ್ನೂ ಓದಬಲ್ಲದು.

ರೂಟ್ ಆದ ಮೇಲಿನ ಬದುಕೂ ತಿಳಿದಿರಲಿ. ಬಹಳಷ್ಟು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ರೂಟ್ ಆದ ಫೋನನ್ನು ಗುರುತು ಹಿಡಿದು ಓಡಲು ಒಪ್ಪುವುದಿಲ್ಲ. ಮರೆಮಾಚುವ ದಾರಿಗಳಿವೆ, ಆದರೆ ಇವತ್ತು ನಡೆದದ್ದು ನಾಳೆ ನಡೆಯುವುದಿಲ್ಲ. ಹಾಲಿನ ಡೇರಿಯ ದುಡ್ಡು, ಗೊಬ್ಬರದಂಗಡಿಯ ಬಾಕಿ ಎಲ್ಲ ಫೋನಿನಲ್ಲೇ ನಡೆಸುವವರಿಗೆ ಇದು ಸಣ್ಣ ತೊಂದರೆ ಅಲ್ಲ. ಸ್ಯಾಮ್ಸಂಗ್ ಫೋನುಗಳಲ್ಲಿ ನಾಕ್ಸ್ ಎಂಬ ಒಳಗುರುತು ಒಮ್ಮೆ ಬದಲಾದರೆ ಮತ್ತೆ ಮೊದಲಿನಂತಾಗದು, ಅದರ ಸೆಕ್ಯೂರ್ ಫೋಲ್ಡರ್ ಮತ್ತೆ ಬಳಕೆಗೆ ಸಿಗುವುದಿಲ್ಲ.

ರೂಟ್ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಕೊಂಡ ವಸ್ತುವಿನ ಕೀಲಿ ಕೊಂಡವರ ಕೈಯಲ್ಲಿರಬೇಕು ಅನ್ನುವುದು ನ್ಯಾಯವಾದ ಮಾತೇ. ಒಂದು ಕಾಲಕ್ಕೆ ಕನ್ನಡ ಓದಲಿಕ್ಕೇ ಆ ಕೀಲಿ ಬೇಕಾಗಿತ್ತು. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿಗೆ ಲಿನೇಜ್ ಒಎಸ್ ಹಾಕಿ ಇನ್ನೆರಡು ವರ್ಷ ಓಡಿಸಬೇಕಾದರೂ ಅದೇ ಬೂಟ್‌ಲೋಡರ್ ಬಾಗಿಲು ತೆಗೆಯಬೇಕು. ಕಲಿಯುವ ಆಸೆ ಇದ್ದರೆ ಮೂಲೆಗೆ ಬಿದ್ದ ಹಳೆಯ ಫೋನಿನ ಮೇಲೆ ಕಲಿಯಿರಿ, ದಿನಾ ಬಳಸುವುದರ ಮೇಲೆ ಬೇಡ.

ಫೋನು ಎರಡು ಮೂರು ವರ್ಷಕ್ಕೆ ಬದಲಾಗುತ್ತದೆ. ಅದರೊಳಗಿನ ಮಾತು, ಮುಖ, ಕಾಗದಪತ್ರ ಬದಲಿಗೆ ಸಿಗುವಂಥವಲ್ಲ. ಅವು ಒಂದೇ ಜಾಗದಲ್ಲಿದ್ದರೆ ಇಲ್ಲದಂತೆಯೇ ಲೆಕ್ಕ, ಎರಡು ಜಾಗದಲ್ಲಿದ್ದರೆ ಮಾತ್ರ ಇದ್ದಂತೆ. ಮುಂದಿನ ಸಂತೆಗೆ ಹೋದಾಗ ಒಂದು ಒಟಿಜಿ ಪೆನ್‌ಡ್ರೈವ್ ತನ್ನಿ. ರಾತ್ರಿ ಊಟವಾದ ಮೇಲೆ ಒಂದು ತಾಸು ಕೂತು ನಕಲು ಮಾಡಿ. ನಿಮ್ಮದಾದ ಮೇಲೆ ಮನೆಯ ಹಿರಿಯರ ಫೋನಿನದ್ದೂ ಮಾಡಿಕೊಡಿ, ಅವರು ತಾವಾಗಿ ಕೇಳುವುದಿಲ್ಲ.